ಕಳ್ಳನಿಗೆ ಸುದ್ದಿ ಮೊದಲು, ಮಾಲಕನಿಗೆ ಬೀಗ ಆಮೇಲೆ

ಮೊಬೈಲ್ ಕೊಳ್ಳಲು ಅಂಗಡಿಗೆ ಹೋದಾಗ ನಾವು ಏನೆಲ್ಲ ಕೇಳುತ್ತೇವೆ? ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಮೆಮೊರಿ ಎಷ್ಟು, ತಿಂಗಳ ಕಂತು ಎಷ್ಟು? ಆದರೆ ಈ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಎಷ್ಟು ಬೇಗ ಬರುತ್ತದೆ ಎಂದು ಕೇಳುವವರು ವಿರಳ. ಕೇಳಿದರೂ ಮಾರುವವರ ಬಳಿ ಉತ್ತರವಿರುವುದು ಇನ್ನೂ ವಿರಳ. ಹತ್ತು ರೂಪಾಯಿಯ ಮಾತ್ರೆಯ ಪಟ್ಟಿಯ ಮೇಲೂ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಬ್ಯಾಂಕ್ ಖಾತೆ, ಆಧಾರ್ ಪ್ರತಿ, ಮಕ್ಕಳ ಫೋಟೊ, ಮನೆಯ ಮಾತುಕತೆ ಎಲ್ಲವನ್ನೂ ಹೊತ್ತ ಯಂತ್ರದ ಪೆಟ್ಟಿಗೆಯ ಮೇಲೆ ಅಂಥ ದಿನಾಂಕವನ್ನು ಹುಡುಕಿ ನೋಡಿ.

ಯಾವ ಸಾಫ್ಟ್‌ವೇರ್ ಕೂಡ ದೋಷಮುಕ್ತವಲ್ಲ. ಲಕ್ಷಾಂತರ ಸಾಲುಗಳ ಕೋಡ್‌ನಲ್ಲಿ ಎಲ್ಲೋ ಒಂದು ಕಿಂಡಿ ಉಳಿದಿರುತ್ತದೆ. ಸಂಶೋಧಕರು ಅದನ್ನು ಪತ್ತೆ ಹಚ್ಚಿ ಕಂಪೆನಿಗೆ ತಿಳಿಸುತ್ತಾರೆ, ಕಂಪೆನಿ ತೇಪೆ ಹಾಕುತ್ತದೆ. ಆ ತೇಪೆಯೇ ಸೆಕ್ಯುರಿಟಿ ಅಪ್‌ಡೇಟ್. ಇಷ್ಟರವರೆಗೆ ಎಲ್ಲವೂ ಸರಿ. ತೊಡಕು ಶುರುವಾಗುವುದು ಅನಂತರ. ತೇಪೆ ಪ್ರಕಟವಾಯಿತೆಂದರೆ ಕಿಂಡಿ ಎಲ್ಲಿತ್ತೆಂಬುದೂ ಪ್ರಕಟವಾದಂತೆ. ಹಳೆಯ ಕೋಡ್ ಮತ್ತು ಹೊಸ ಕೋಡನ್ನು ಪಕ್ಕಪಕ್ಕ ಇಟ್ಟು ನೋಡುವ ನುರಿತ ಕಳ್ಳನಿಗೆ ಅಷ್ಟೇ ಸಾಕು. ತೇಪೆ ಸಿದ್ಧವಾದ ದಿನಕ್ಕೂ ಅದು ನಿಮ್ಮ ಕೈಯ ಫೋನಿಗೆ ತಲುಪುವ ದಿನಕ್ಕೂ ನಡುವೆ ಇರುವ ಅಂತರದಲ್ಲಿ ಕಳ್ಳನಿಗೆ ಎಲ್ಲವೂ ಗೊತ್ತಿರುತ್ತದೆ, ಮಾಲಕನಿಗೆ ಏನೂ ಗೊತ್ತಿರುವುದಿಲ್ಲ.

2015ರ ಜುಲೈಯಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಬಯಲಾದಾಗ ಜಗತ್ತು ಈ ಅಂತರವನ್ನು ಮೊದಲ ಬಾರಿಗೆ ಗಂಭೀರವಾಗಿ ಗಮನಿಸಿತು. ಫೋನ್ ನಂಬರ್ ಗೊತ್ತಿದ್ದರೆ ಸಾಕು, ಒಂದು ಎಂಎಂಎಸ್ ಕಳುಹಿಸಿ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಲು ಅದರಿಂದ ಸಾಧ್ಯವಿತ್ತು. ಸುಮಾರು 95 ಕೋಟಿ ಫೋನ್‌ಗಳು ಅಪಾಯದಲ್ಲಿವೆಯೆಂದು ಅದನ್ನು ಪತ್ತೆ ಹಚ್ಚಿದ ಜಿಂಪೀರಿಯಂ ಸಂಸ್ಥೆ ಅಂದಾಜಿಸಿತು. ಗೂಗಲ್ ಬಳಿ ತೇಪೆ ಆಗಲೇ ಸಿದ್ಧವಿತ್ತು, ಆದರೆ ಬಹುತೇಕ ಫೋನ್‌ಗಳಿಗೆ ಅದು ತಲುಪಿರಲಿಲ್ಲ. ಆ ಆಗಸ್ಟ್‌ನಿಂದ ಗೂಗಲ್ ಪ್ರತಿ ತಿಂಗಳೂ ಭದ್ರತಾ ಪ್ರಕಟಣೆ ಹೊರಡಿಸತೊಡಗಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎನ್ನುತ್ತಾರಲ್ಲ, ಹಾಗೆ. ಆದರೂ ಬಾಗಿಲು ಹಾಕಿದ್ದನ್ನು ಮೆಚ್ಚಬೇಕು.

ಬಾಗಿಲು ನಿಜಕ್ಕೂ ಮುಚ್ಚಿತೇ? ಪ್ರಶ್ನೆ ಇರುವುದು ಇಲ್ಲಿ.

2018ರಲ್ಲಿ ಬರ್ಲಿನ್‌ನ ಸೆಕ್ಯುರಿಟಿ ರಿಸರ್ಚ್ ಲ್ಯಾಬ್ಸ್‌ನ ಸಂಶೋಧಕರು 1,200 ಫೋನ್‌ಗಳ ಸಾಫ್ಟ್‌ವೇರನ್ನು ಜಾಲಾಡಿದರು. ಪರದೆಯ ಮೇಲೆ ಇತ್ತೀಚಿನ ಅಪ್‌ಡೇಟ್‌ನ ದಿನಾಂಕ ತೋರಿಸುತ್ತಿದ್ದ ಎಷ್ಟೋ ಫೋನ್‌ಗಳಲ್ಲಿ ಆ ದಿನಾಂಕದೊಳಗೆ ಬರಬೇಕಿದ್ದ ಕೆಲವು ತೇಪೆಗಳೇ ಇರಲಿಲ್ಲ. ದುಬಾರಿ ಫೋನ್‌ಗಳಲ್ಲಿ ತಪ್ಪಿಹೋದ ತೇಪೆಗಳು ಕಡಿಮೆ, ಅಗ್ಗದ ಫೋನ್‌ಗಳಲ್ಲಿ ಬಳಸುವ ಚಿಪ್‌ಗಳಿದ್ದ ಕಡೆ ಹೆಚ್ಚು ಎಂಬುದನ್ನೂ ಅವರು ಗುರುತಿಸಿದರು. ಇದು ಬರೇ ತಾಂತ್ರಿಕ ವಿಷಯವೇ?

ಇನ್ನೊಂದು ಉದಾಹರಣೆ 2022ರದ್ದು. ಆರ್ಮ್ ಕಂಪೆನಿಯ ‘ಮಾಲಿ’ ಗ್ರಾಫಿಕ್ಸ್ ಚಿಪ್‌ನ ಸಾಫ್ಟ್‌ವೇರ್‌ನಲ್ಲಿ ಐದು ದೋಷಗಳನ್ನು ಗೂಗಲ್‌ನದೇ ಪ್ರಾಜೆಕ್ಟ್ ಝೀರೊ ತಂಡ ಕಂಡುಹಿಡಿಯಿತು. ಆರ್ಮ್ ಜುಲೈ ಮತ್ತು ಆಗಸ್ಟ್‌ನಲ್ಲಿ ಅವುಗಳನ್ನು ಸರಿಪಡಿಸಿತು. ನವೆಂಬರ್‌ನಲ್ಲಿ ತಂಡ ಮತ್ತೆ ಪರೀಕ್ಷಿಸಿದಾಗ, ಮಾಲಿ ಚಿಪ್ ಇದ್ದ ಯಾವ ಫೋನಿಗೂ ಆ ತೇಪೆ ತಲುಪಿರಲಿಲ್ಲ. ಸ್ಯಾಮ್‌ಸಂಗ್, ಶಿಯೋಮಿ, ಒಪ್ಪೊ ಮಾತ್ರವಲ್ಲ, ಸ್ವತಃ ಗೂಗಲ್‌ನ ಪಿಕ್ಸೆಲ್ ಕೂಡ ಆ ಪಟ್ಟಿಯಲ್ಲಿತ್ತು. ದೋಷ ಹುಡುಕಿದ್ದೂ ಅದೇ ಮನೆಯವರು, ತೇಪೆ ಸಿಗದೆ ಉಳಿದದ್ದೂ ಅದೇ ಮನೆಯ ಫೋನ್!

ವಿಳಂಬಕ್ಕೆ ಕಂಪೆನಿಗಳು ಕೊಡುವ ಕಾರಣ ಸುಳ್ಳಲ್ಲ. ಚಿಪ್ ತಯಾರಕರಿಂದ ಬಂದ ತೇಪೆಯನ್ನು ಫೋನ್ ಕಂಪೆನಿ ತಾನು ಮಾರ್ಪಡಿಸಿಕೊಂಡ ಆಂಡ್ರಾಯ್ಡ್‌ಗೆ ಹೊಂದಿಸಬೇಕು. ಹತ್ತಾರು ಮಾದರಿಗಳಲ್ಲಿ ಒಂದೊಂದನ್ನೂ ಪರೀಕ್ಷಿಸಬೇಕು. ಅವಸರದಲ್ಲಿ ಕಳುಹಿಸಿ ಫೋನೇ ಕೆಟ್ಟರೆ ಅದೂ ಅನಾಹುತ. ಆದರೆ ಹತ್ತಾರು ಮಾದರಿಗಳನ್ನು ಮಾರುಕಟ್ಟೆಗೆ ತಂದವರು ಯಾರು? ವರ್ಷಕ್ಕೆ ಇಷ್ಟು ಹೊಸ ಮಾದರಿ ಬೇಕೆಂದು ಗ್ರಾಹಕ ಅರ್ಜಿ ಹಾಕಿರಲಿಲ್ಲ. ಸತ್ಯ ಸರಳ: ಫೋನ್ ಮಾರಿದ ದಿನ ಕಂಪೆನಿಗೆ ಲಾಭ ಬಂದಾಯಿತು. ಆಮೇಲಿನ ಪ್ರತಿಯೊಂದು ಅಪ್‌ಡೇಟ್ ಕೂಡ ಅದಕ್ಕೆ ಖರ್ಚು. ಹಳೆಯ ಫೋನ್ ಸುರಕ್ಷಿತವಾಗಿ ಉಳಿದಷ್ಟೂ ಹೊಸ ಫೋನ್ ಮಾರಾಟ ನಿಧಾನ.

ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೂ ಪುರಾವೆಗಳಿವೆ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಆಪಲ್ ಭದ್ರತಾ ತೇಪೆ ಕಳುಹಿಸಿತು. 2023ರ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷಗಳ ಅಪ್‌ಡೇಟ್ ಭರವಸೆ ಕೊಟ್ಟವು. ಆದರೆ ಇವೆಲ್ಲ ಯಾರ ಕೈಯಲ್ಲಿರುವ ಫೋನ್‌ಗಳು? ಭದ್ರತೆಯು ಚರ್ಮದ ಸೀಟಿನಂತೆ, ಹೆಚ್ಚು ಹಣ ಕೊಟ್ಟವರಿಗೆ ಸಿಗುವ ಸೌಕರ್ಯವಾಗಿಬಿಟ್ಟಿದೆ. ಕೂಲಿ ಮಾಡುವವನೂ ಕೋಟ್ಯಧಿಪತಿಯೂ ಬಳಸುವ ಯುಪಿಐ ಒಂದೇ. ಆದರೆ ಅದು ಕೂತಿರುವ ಫೋನಿನ ಬೀಗ ಒಂದೇ ಅಲ್ಲ. ಲಕ್ಷ ಕಳೆದುಕೊಂಡವನು ವಕೀಲರನ್ನು ಹಿಡಿದಾನು, ತಿಂಗಳ ಸಂಬಳ ಕಳೆದುಕೊಂಡವನು ಏನು ಮಾಡಬೇಕು?

ಅಷ್ಟೇ ಅಲ್ಲ, ಮನೆಗಳೊಳಗೂ ಈ ತಾರತಮ್ಯವಿದೆ. ಹೊಸ ಫೋನ್ ದುಡಿಯುವ ಮಗನಿಗೆ, ಅವನ ಹಳತು ತಾಯಿಗೆ, ಅದಕ್ಕೂ ಹಳತು ಮಕ್ಕಳ ಆಟಕ್ಕೆ. ವಂಚಕನ ಕರೆಯನ್ನು ಸುಲಭವಾಗಿ ನಂಬುವವರ ಕೈಯಲ್ಲೇ ಅಪ್‌ಡೇಟ್ ನಿಂತುಹೋದ ಫೋನ್ ಇರುತ್ತದೆ. ಇದನ್ನು ಪ್ರೀತಿಯೆಂದು ಭಾವಿಸುವ ಮುನ್ನ ಒಮ್ಮೆ ಯೋಚಿಸಬೇಕು.

ಯುರೋಪಿನ ಗ್ರಾಹಕರು ಇದನ್ನು ಹಕ್ಕಿನ ಪ್ರಶ್ನೆಯಾಗಿ ಎತ್ತಿದರು. ನೆದರ್ಲೆಂಡ್ಸ್‌ನ ಗ್ರಾಹಕ ಸಂಘಟನೆ 2016ರಲ್ಲಿ ಸ್ಯಾಮ್‌ಸಂಗ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು, 2018ರಲ್ಲಿ ಸೋತಿತು. ಆದರೆ ಪ್ರಶ್ನೆ ಸೋಲಲಿಲ್ಲ. ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಬರುತ್ತದೆಂದು ತಯಾರಕರು ಬಹಿರಂಗವಾಗಿ ಹೇಳಲೇಬೇಕೆಂಬ ನಿಯಮ ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಅನ್ವಯವಾದ ನಿಯಮ, ಒಂದು ಮಾದರಿಯ ಮಾರುಕಟ್ಟೆ ಪೂರೈಕೆ ನಿಂತ ಬಳಿಕವೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಉಚಿತವಾಗಿ ಸಿಗಬೇಕೆನ್ನುತ್ತದೆ. ಭದ್ರತಾ ತೇಪೆ ನಾಲ್ಕು ತಿಂಗಳೊಳಗೆ ತಲುಪಬೇಕೆನ್ನುತ್ತದೆ. ಆದರೆ ‘ನೀಡುವುದಾದರೆ’ ಎಂಬರ್ಥದ ಮಾತೊಂದು ಆ ನಿಯಮದ ಒಕ್ಕಣೆಯಲ್ಲಿ ಸೇರಿಕೊಂಡಿದೆ. ಕಳ್ಳನಿಗೆ ನಾಲ್ಕು ತಿಂಗಳು ಕಡಿಮೆಯೇನೂ ಅಲ್ಲ. ಕಾನೂನಿಗೂ ತೇಪೆ ಬೇಕಾಗುತ್ತದೆ.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೂಡ ಸರಕಿನ ಗುಣಮಟ್ಟದ ಬಗ್ಗೆ ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಫೋನಿನ ಭದ್ರತೆ ಎಷ್ಟು ದಿನ ಬಾಳುತ್ತದೆ ಎಂಬುದು ಗುಣಮಟ್ಟದ ಪ್ರಶ್ನೆಯಲ್ಲವೇ? ಪೆಟ್ಟಿಗೆಯ ಮೇಲೆ ಒಂದು ದಿನಾಂಕ ಮುದ್ರಿಸಿ ಎಂದು ಕೇಳುವುದು ಅತಿಯಾದ ಬೇಡಿಕೆಯೇ?

ಅಲ್ಲಿಯ ತನಕ ನಾವು ಮಾಡಬಹುದಾದದ್ದೇನು? ಸೆಟ್ಟಿಂಗ್ಸ್‌ಗೆ ಹೋಗಿ ಫೋನಿನ ವಿವರದಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ದಿನಾಂಕ ನೋಡಿ. ಅಲ್ಲೇ ಆಸುಪಾಸಿನಲ್ಲಿ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಎಂಬುದೊಂದಿರುತ್ತದೆ. ಆಂಡ್ರಾಯ್ಡ್ 10ರಿಂದ ಈಚೆಗೆ ಕೆಲವು ತೇಪೆಗಳು ಫೋನ್ ಕಂಪೆನಿಯನ್ನು ಕಾಯದೆ ಈ ದಾರಿಯಲ್ಲಿ ಬರುತ್ತವೆ. ಅದನ್ನು ಹಾಕಿ ಫೋನನ್ನೊಮ್ಮೆ ಆರಿಸಿ ಹಚ್ಚಿ. ಫೋನ್ ಹಳತಾದರೂ ಕ್ರೋಮ್, ವಾಟ್ಸ್ಆ್ಯಪ್, ಬ್ಯಾಂಕ್ ಆ್ಯಪ್‌ಗಳ ಅಪ್‌ಡೇಟ್ ಬಹುಕಾಲ ಬರುತ್ತಿರುತ್ತದೆ, ಅದನ್ನು ಬಿಡಬೇಡಿ. ಎಂಎಂಎಸ್ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು ಮುಟ್ಟಲೇಬೇಡಿ. ಅದನ್ನು ನೀವೇ ಕೈಯಾರೆ ಒಳಗೆ ಬಿಟ್ಟುಕೊಂಡರೆ ಯಾವ ಅಪ್‌ಡೇಟ್ ಕೂಡ ಪೂರ್ತಿ ಕಾಪಾಡದು. ಅಪ್‌ಡೇಟ್ ನಿಂತು ವರ್ಷಗಳಾದ ಫೋನಿನಿಂದ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನು ತೆಗೆದುಬಿಡಿ. ಅದರಲ್ಲಿ ಹಾಡು ಕೇಳಬಹುದು, ವ್ಯವಹಾರ ಬೇಡ. ಬಂದ ಅಪ್‌ಡೇಟನ್ನು ‘ನಂತರ’ ಎಂದು ತಳ್ಳುವ ಚಾಳಿಯನ್ನೂ ಬಿಡೋಣ. ಕಂಪೆನಿಯ ವಿಳಂಬದ ಮೇಲೆ ನಮ್ಮ ವಿಳಂಬವೂ ಸೇರಿದರೆ ಲಾಭ ಕಳ್ಳನಿಗೆ.

ಈ ಎಚ್ಚರಿಕೆಗಳೆಲ್ಲ ಅಗತ್ಯ. ಆದರೆ ಒಂದು ಮಾತು ಮರೆಯಬಾರದು. ‘ಗ್ರಾಹಕರೇ, ಎಚ್ಚರದಿಂದಿರಿ’ ಎಂದು ದಿನವೂ ಸಾರುವವರು ‘ತಯಾರಕರೇ, ಹೊಣೆ ಹೊರಿ’ ಎಂದು ಒಮ್ಮೆಯಾದರೂ ಅಷ್ಟೇ ಗಟ್ಟಿಯಾಗಿ ಹೇಳಿದ್ದಾರೆಯೇ? ಮೋಸ ಹೋದವನ ಅಜ್ಞಾನದ ಬಗ್ಗೆ ಉಪದೇಶ ಮಾಡುವುದು ಸುಲಭ. ಕಿಂಡಿಯಿರುವ ಬಾಗಿಲನ್ನು ಮಾರಿ, ತೇಪೆ ಸಿದ್ಧವಿದ್ದರೂ ತಿಂಗಳುಗಟ್ಟಲೆ ತಡೆದವರನ್ನು ಕೇಳುವುದು ಕಷ್ಟ. ಮುಂದಿನ ಬಾರಿ ಅಂಗಡಿಗೆ ಹೋದಾಗ ಕ್ಯಾಮೆರಾದ ಬಗ್ಗೆ ಕೇಳುವ ಮೊದಲು ಅಪ್‌ಡೇಟ್‌ನ ಬಗ್ಗೆ ಕೇಳಿ. ಉತ್ತರ ಸಿಗದಿದ್ದರೆ ಪಕ್ಕದ ಅಂಗಡಿಯಲ್ಲೂ ಕೇಳಿ. ಎಲ್ಲರೂ ಕೇಳತೊಡಗಿದ ದಿನ ಆ ದಿನಾಂಕ ಪೆಟ್ಟಿಗೆಯ ಮೇಲೆ ಬರುತ್ತದೆ.