ರಾತ್ರಿ ಹತ್ತೂವರೆಯ ಪಂಚಾಯಿತಿ

ವಾಡಿಯಲ್ಲಿ ಹತ್ತು ಗಂಟೆಗೆ ರಾತ್ರಿ ಆಗುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಬಿ ಶಿಫ್ಟು ಆಗಷ್ಟೇ ಬಿಟ್ಟಿರುತ್ತದೆ. ಮೈಮೇಲಿನ ಬೂದು ಧೂಳು ತೊಳೆದು, ರೊಟ್ಟಿ ಮುರಿದು, ಟಿವಿ ಮುಂದೆ ಕಾಲು ಚಾಚುವಾಗ ಹತ್ತೂವರೆ. ಅಲ್ಲಿಂದ ಹನ್ನೆರಡರ ತನಕ ಆ ಮನೆಗಳಲ್ಲಿ ಯಾವನೋ ಒಬ್ಬ ನಿರೂಪಕ ಸೋಫಾದ ಮೇಲೆ ಕೂತ ಅತಿಥಿಯನ್ನು ಕೆಣಕುತ್ತಿರುತ್ತಾನೆ. ಪಕ್ಕದ ಶಹಾಬಾದಿನಲ್ಲಿ ಫರಸಿ ಖಣಿಗೆ ಹೋಗುವವರು ಒಂಬತ್ತಕ್ಕೇ ದೀಪ ಆರಿಸಿರುತ್ತಾರೆ. ಬಿಸಿಲು ಏರುವ ಮೊದಲು ಕಲ್ಲು ಎಬ್ಬಿಸಬೇಕು. ಹೀಗಾಗಿ ನಡುರಾತ್ರಿಯ ಹರಟೆ ಕಾರ್ಯಕ್ರಮಗಳ ಬಗ್ಗೆ ಮಾತಾಡಬೇಕಾದರೆ ನಾನು ಶಹಾಬಾದಿಗೆ ಹೋಗುವುದಿಲ್ಲ, ವಾಡಿ ಸ್ಟೇಷನ್ ಎದುರಿನ ಚಹಾದಂಗಡಿಗೆ ಹೋಗುತ್ತೇನೆ.

ಕಳೆದ ವಾರ ಅಲ್ಲಿ ಜಗಳ. ಟಿವಿಯಲ್ಲಿ ಮೆರೆದ ಒಬ್ಬಾತನ ಬಣ್ಣ ಬಯಲಾದ ಮೇಲೂ ಮಂದಿ ಅವನನ್ನೇ ಯಾಕೆ ನೋಡುತ್ತಾರೆ ಎಂಬುದು ವಿಷಯ. ಒಬ್ಬರು ಹೇಳಿದರು, “ನಮಗ ಅವನ ಸಂಗಟ ಬೀಗತನ ಮಾಡೋದದ ಏನ್ರಿ? ನಗಸ್ತಾನ, ನಗ್ತೀವಿ.” ಇನ್ನೊಬ್ಬರು ಕಪ್ಪು ಕೆಳಗಿಟ್ಟು, “ಹಂಗಂದ್ರ ನಿಮ್ಮನಿ ನಡುಮನಿಯಾಗ ದಿನಾ ರಾತ್ರಿ ಕೂಡೋದು ಮತ್ಯಾರ್ರಿ?” ಎಂದರು. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಈ ವಾರದ ಅಂಕಣವನ್ನು ಇವರಿಬ್ಬರ ನಡುವೆ ಕೂತೇ ಬರೆಯುತ್ತಿದ್ದೇನೆ.

ಟಿವಿಯ ಬಗ್ಗೆ ತೀರ್ಪು ಕೊಡುವುದು ನಮ್ಮ ಕಡೆಯವರಿಗೆ ಹೊಸತಲ್ಲ. 1975ರ ಆಗಸ್ಟ್ 1ರಂದು ಸೈಟ್ ಎಂಬ ಉಪಗ್ರಹ ಪ್ರಯೋಗ ಶುರುವಾಗಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂದಾಗ, ಕರ್ನಾಟಕದ ಪಾಲಿಗೆ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳನ್ನು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅಂದರೆ ರಾಜಧಾನಿಯವರು ಆಂಟೆನಾ ತಿರುಗಿಸುವುದು ಕಲಿಯುವ ಮೊದಲೇ ನಮ್ಮ ಹಿರಿಯರು ತಂತಿಜಾಳಿಗೆಯ ಛತ್ರಿ ನೆಟ್ಟು, ಅಂಗಳದಲ್ಲಿ ಗುಂಪಾಗಿ ಕೂತು ನೋಡಿ, ಎದ್ದ ಮೇಲೆ ಗುಂಪಾಗಿಯೇ ತೀರ್ಪು ಕೊಟ್ಟವರು. ಆ ಚಾಳಿ ಹೋಗಿಲ್ಲ. ಈಗ ಒಬ್ಬೊಬ್ಬರೇ ನೋಡುತ್ತಾರೆ, ಪಂಚಾಯಿತಿ ಮಾತ್ರ ಚಹಾದಂಗಡಿಯಲ್ಲಿ.

ನಮ್ಮಲ್ಲಿ ಈ ಪಂಚಾಯಿತಿಗೆ ಮೂರು ಭಾಷೆ. ವಾಡಿಯಿಂದ ಸಿಕಂದರಾಬಾದಿನ ಗಾಡಿ ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರು ಬರುವ ಹೊತ್ತಿಗೆ ಬೋಗಿಯೊಳಗಿನ ಮಾತು ತೆಲುಗಾಗಿರುತ್ತದೆ. ರಿಮೋಟಿನ ಕಥೆಯೂ ಅದೇ. ವಾಡಿಯ ಕ್ವಾರ್ಟರ್ಸುಗಳಲ್ಲಿ ಹಿಂದಿ ವಾಹಿನಿ ಹೆಚ್ಚು, ಸೇಡಂ-ಚಿಂಚೋಳಿ ಕಡೆ ತೆಲುಗು, ನಡುನಡುವೆ ಎಲ್ಲ ಕಡೆಯೂ ಕನ್ನಡ. ಹೀಗಾಗಿ ಮೂರೂ ಭಾಷೆಯ ನಿರೂಪಕರ ಹಗರಣಗಳು ನಮ್ಮವೇ.

ತೆಲುಗಿನದು ಮೊದಲು, ಚಿಕ್ಕದು. 2017ರ ಡಿಸೆಂಬರ್ 31ರ ರಾತ್ರಿ ಹೈದರಾಬಾದಿನ ಜುಬಿಲಿ ಹಿಲ್ಸ್‌ನಲ್ಲಿ ನಿರೂಪಕ ಪ್ರದೀಪ್ ಮಾಚಿರಾಜು ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರು. ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಕಾನೂನಿನ ಮಿತಿ; ಅವರ ಲೆಕ್ಕ 178 ಬಂತು. ಕೋರ್ಟು 2,100 ರೂಪಾಯಿ ದಂಡ ಹಾಕಿ, ಮೂರು ವರ್ಷ ಲೈಸೆನ್ಸ್ ಅಮಾನತು ಮಾಡಿತು. ಝೀ ತೆಲುಗಿನಲ್ಲಿ ಅವರ ಹರಟೆ ಕಾರ್ಯಕ್ರಮ ನೋಡಿ ಮಲಗುತ್ತಿದ್ದ ಚಿಂಚೋಳಿಯ ಮನೆಗಳಲ್ಲಿ ಆಗ ತೊಗರಿ ರಾಶಿಯ ಗದ್ದಲ. “ಯಾರಿಗರೆ ಗುದ್ಯಾನೇನ್ರಿ?” “ಇಲ್ಲರಿ.” “ಮತ್ತ ದಂಡ ಕಟ್ಯಾನಲ್ಲ, ಆಯ್ತು ಬಿಡ್ರಿ.” ಅಲ್ಲಿಗೆ ಕಡತ ಮುಚ್ಚಿತು. ಪ್ರದೀಪ್ ಪರದೆಯ ಮೇಲೆ ಮೊದಲಿನಿಂದಲೂ ಮನೆಯ ತುಂಟ ಮಗ. ತುಂಟ ಮಗನಿಂದ ಮನೆಯವರು ಎಷ್ಟು ನಿರೀಕ್ಷಿಸುತ್ತಾರೋ ಅಷ್ಟೇ ತಪ್ಪನ್ನು ಅವರು ಮಾಡಿದ್ದರು.

ಹಿಂದಿಯ ಕಪಿಲ್ ಶರ್ಮಾ ಅಷ್ಟು ಸುಲಭಕ್ಕೆ ಪಾರಾಗಲಿಲ್ಲ. ಅವರ ಕಾರ್ಯಕ್ರಮ ವಾಡಿಯಲ್ಲಿ ಶನಿವಾರ-ಭಾನುವಾರದ ಸಂತೆ ಇದ್ದಂತಿತ್ತು. 2013ರಲ್ಲಿ ಕಲರ್ಸ್‌ನಲ್ಲಿ ಶುರುವಾಗಿ, 2016ರಲ್ಲಿ ಸೋನಿಗೆ ಗುಳೆ ಎದ್ದು ಹೋದಾಗಲೂ ನೋಡುಗರು ಗಂಟುಮೂಟೆ ಸಮೇತ ಹಿಂದೆ ಹೋದರು. 2017ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಿಂದ ಮರಳುವ ವಿಮಾನದಲ್ಲಿ ಕಪಿಲ್ ತಮ್ಮ ಜೊತೆಗಾರ ಸುನಿಲ್ ಗ್ರೋವರ್ ಮೇಲೆ ಹರಿಹಾಯ್ದ ಸುದ್ದಿ ಬಂತು. ಕಪಿಲ್ ಬಹಿರಂಗವಾಗಿ ಕ್ಷಮೆ ಕೇಳಿದರು. ಸುನಿಲ್ ಮರಳಲಿಲ್ಲ. ಅದೇ ವರ್ಷ ಕಾರ್ಯಕ್ರಮ ನಿಂತಿತು. 2018ರ ಮಾರ್ಚ್‌ನಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಬಂದದ್ದು ಕೆಲವೇ ಕಂತಿಗೆ ಮುಗ್ಗರಿಸಿತು.

ಈ ಪ್ರಕರಣವನ್ನು ನಾನು ಆಗ ವಾರವಾರವೂ ಹಿಂಬಾಲಿಸಿದ್ದೆ, ಚಟ ಅಷ್ಟಿತ್ತು. ಪತ್ರಿಕೆಗಳು ಕಪಿಲ್ ಅಹಂಕಾರದ ಬಗ್ಗೆ ಬರೆಯುತ್ತಿದ್ದವು. ಚಹಾದಂಗಡಿಯಲ್ಲಿ ಅಹಂಕಾರದ ಮಾತೇ ಇಲ್ಲ, “ಡಾಕ್ಟರ್ ಗುಲಾಟಿ ಯಾವಾಗ ಬರ್ತಾನ್ರಿ?” ಎಂಬ ಒಂದೇ ಪ್ರಶ್ನೆ. ಸುನಿಲ್ ಆ ಗುಲಾಟಿಯ ವೇಷ ಹಾಕಿಕೊಂಡು ಬಾಗಿಲು ತಳ್ಳಿ ಒಳಬಂದ ಕೂಡಲೇ ಕಪಿಲ್ ಮುಖದಲ್ಲಿ ಒಂದು ಕ್ಷಣ ನಿಜವಾದ ಗಾಬರಿ ಕಾಣುತ್ತಿತ್ತು, ಇವನು ಈಗ ಏನು ಹೇಳುತ್ತಾನೋ ಎಂದು. ಆ ಗಾಬರಿಯೇ ಆ ಕಾರ್ಯಕ್ರಮದ ಉಪ್ಪು. ಸುನಿಲ್ ಹೋದ ಮೇಲೆ ಕಪಿಲ್‌ಗೆ ಗಾಬರಿಪಡಲು ಯಾರೂ ಉಳಿಯಲಿಲ್ಲ, ಎಲ್ಲ ಬರೆದುಕೊಟ್ಟಂತೆ ಸಾಗಿತು. ಜನ ಕಪಿಲ್‌ನನ್ನು ದಂಡಿಸಿದರು ಎಂದು ಬರೆದವರಿಗೆ ನಾನು ಹೇಳುವುದು ಇಷ್ಟು: ದಂಡಿಸಲಿಲ್ಲ, ಅವರಿಗೆ ಬೇಸರ ಬಂತು. ಎರಡೂ ಒಂದೇ ಥರ ಕಾಣುತ್ತವೆ, ಏಕೆಂದರೆ ಎರಡರಲ್ಲೂ ಕೈ ರಿಮೋಟಿಗೇ ಹೋಗುತ್ತದೆ.

ನಿಂದ್ರಿ, ಇದೇ ಜಾಡಿನಲ್ಲಿ ಅಮೆರಿಕಕ್ಕೂ ಹೋಗಿ ಬರೋಣ. ಡೇವಿಡ್ ಲೆಟರ್‌ಮನ್ 1982ರಿಂದ 2015ರ ತನಕ ಅಲ್ಲಿನ ನಡುರಾತ್ರಿಯ ಮಾತಿನ ಯಜಮಾನ. 2009ರ ಅಕ್ಟೋಬರ್ 1ರಂದು, ಎಂದಿನ ಮೇಜಿನ ಹಿಂದೆ ಕೂತು, ಒಂದು ಕಥೆ ಹೇಳುತ್ತೇನೆ ಎಂದು ಶುರುಮಾಡಿದರು. ಮುಂಜಾನೆ ಕಾರಿನಲ್ಲೊಂದು ಪೊಟ್ಟಣ ಸಿಕ್ಕಿತು, ಅದರಲ್ಲಿ ಬೆದರಿಕೆಯ ಪತ್ರ ಇತ್ತು, ಕೇಳಿದ್ದು 20 ಲಕ್ಷ ಡಾಲರ್. ಪೊಲೀಸರ ಜೊತೆ ಸೇರಿ ನಕಲಿ ಚೆಕ್ ಕೊಟ್ಟದ್ದು, ಅದೇ ವಾಹಿನಿಯ ನಿರ್ಮಾಪಕನೇ ಸಿಕ್ಕಿಬಿದ್ದದ್ದು, ಎಲ್ಲವನ್ನೂ ಪತ್ತೇದಾರಿ ಕಥೆಯ ಹಾಗೆ ಹೇಳುತ್ತ ಬಂದು, ಕಟ್ಟಕಡೆಗೆ ಬೆದರಿಕೆಯ ಗುಟ್ಟು ಏನೆಂಬುದನ್ನು ಬಿಚ್ಚಿದರು: ತಮ್ಮ ಕಾರ್ಯಕ್ರಮದಲ್ಲಿ ಕೆಲಸ ಮಾಡುವ ಹೆಂಗಸರೊಂದಿಗೆ ಸಂಬಂಧ ಇದ್ದದ್ದು ನಿಜ. ಸ್ಟುಡಿಯೊದಲ್ಲಿ ಕೂತವರು ನಕ್ಕರು, ಚಪ್ಪಾಳೆ ತಟ್ಟಿದರು. ನಾಲ್ಕು ದಿನದ ಮೇಲೆ ಹೆಂಡತಿಯ, ಸಿಬ್ಬಂದಿಯ ಕ್ಷಮೆಯನ್ನೂ ಅದೇ ಮೇಜಿನಿಂದ ಕೇಳಿದರು. ಬೆದರಿಸಿದವನಿಗೆ 2010ರಲ್ಲಿ ಆರು ತಿಂಗಳ ಜೈಲಾಯಿತು. ಲೆಟರ್‌ಮನ್ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಆ ಮೇಜಿನ ಹಿಂದೆಯೇ ಇದ್ದರು.

ಕಸುಬಿನ ಕಣ್ಣಿನಿಂದ ನೋಡಿದರೆ ಆ ಹತ್ತು ನಿಮಿಷ ಅದ್ಭುತ. ತಾನೇ ಆರೋಪಿ ಆಗಿರುವ ಕಥೆಯನ್ನು ಕೇಳುವವರು ಮೊದಲು ಸಂತ್ರಸ್ತನ ಪರ ನಿಲ್ಲುವಂತೆ ಹೆಣೆದು, ಸಂತ್ರಸ್ತ ತಾನೇ ಎಂದು ಒಪ್ಪಿಸಿ, ಆಮೇಲೆ ತಪ್ಪನ್ನು ಹೊರಗಿಟ್ಟದ್ದು. ಎಲ್ಲಿ ತಡೆಯಬೇಕು, ಎಲ್ಲಿ ಕೆನ್ನೆ ಕೆರೆದುಕೊಳ್ಳಬೇಕು, ಎಲ್ಲಿ ನಗು ಬರಲು ಬಿಡಬೇಕು, ಮೂವತ್ತು ವರ್ಷದ ಪಳಗುವಿಕೆ ಒಂದೇ ರಾತ್ರಿ ಕೆಲಸಕ್ಕೆ ಬಂತು. ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಒಳ್ಳೆಯ ಗವಾಯಿಯ ಆಲಾಪ ಕೇಳಿದಂತೆ.

ಚಿತ್ತಾಪುರದಲ್ಲಿರುವ ನಮ್ಮ ಅಕ್ಕನಿಗೂ ಒಮ್ಮೆ ತೋರಿಸಿದೆ, ಸಾಲುಸಾಲಾಗಿ ಅರ್ಥ ಹೇಳುತ್ತ. ಆಕೆ ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು. ಮುಗಿದ ಮೇಲೆ ಕೇಳಿದಳು: “ತಮ್ಮಾ, ಆ ಮಂದಿ ಯಾಕ ನಕ್ಕರು? ಅವನ ಕೈಕೆಳಗ ಕೆಲಸ ಮಾಡೋ ಹೆಣ್ಮಕ್ಕಳು ಮರುದಿನ ಅದೇ ಕೆಲಸಕ್ಕ ಹೋಗಬೇಕಲ್ಲ. ಅವರ ಮಾತು ಯಾವ ಟಿವಿಯಾಗ ಬಂತು?” ನಾನು ಆಲಾಪದ ಬಗ್ಗೆ ಏನೋ ಹೇಳಲು ಹೋದೆ. “ಹಾಡು ಚಂದ ಅದ ಬಿಡು” ಎಂದು ಎದ್ದು ಹೋದಳು. ಕಾರ್ಯಕ್ರಮದ ರುಚಿ ನೋಡುವವರ ಕಣ್ಣಿಗೆ ಮೇಜಿನ ಮುಂದಿನದು ಮಾತ್ರ ಕಾಣುತ್ತದೆ ಎಂಬುದು ನನಗೆ ಆ ದಿನ ನಾಟಿತು. ಹಾಗಂತ ಆ ಹತ್ತು ನಿಮಿಷ ಈಗ ನೋಡುವಾಗ ರುಚಿ ಕಡಿಮೆ ಆಗಿದೆಯೇ? ಇಲ್ಲ. ಅದೇ ಮುಜುಗರ.

ಎಲೆನ್ ಡಿಜನರಸ್ ಎಂಬಾಕೆಯದು ಹಗಲಿನ ಕಾರ್ಯಕ್ರಮ, ಇಲ್ಲಿ ಒಂದೇ ಮಾತು. ದಿನವೂ ‘ಒಬ್ಬರಿಗೊಬ್ಬರು ದಯೆ ತೋರಿ’ ಎನ್ನುವುದೇ ಆಕೆಯ ಮುದ್ರೆ. 2020ರಲ್ಲಿ ಅಲ್ಲಿನ ಸಿಬ್ಬಂದಿ ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರು ಎಂದಾಗ ಆ ಮುದ್ರೆಯೇ ತಿರುಗಿಬಿತ್ತು. ಕ್ಷಮೆ ಕೇಳಿದರೂ 2022ರ ಮೇ ತಿಂಗಳಿಗೆ ಕಾರ್ಯಕ್ರಮ ಮುಗಿಯಿತು. ಲೆಟರ್‌ಮನ್ ಎಂದೂ ಸಜ್ಜನನ ವೇಷ ಹಾಕಿದವರಲ್ಲ. ಹಾಕದ ವೇಷವನ್ನು ಯಾರು ಕಳಚುತ್ತಾರೆ?

ಕನ್ನಡದಲ್ಲಿ ಇಂಥದ್ದಕ್ಕೆ ಹತ್ತಿರದ್ದು ಪತ್ರಕರ್ತ ರವಿ ಬೆಳಗೆರೆ. ಅದು ಹರಟೆ ಕಾರ್ಯಕ್ರಮ ಅಲ್ಲ, ಸೋಫಾ ಇಲ್ಲ, ಅತಿಥಿಯೂ ಇಲ್ಲ. ಆದರೂ ರಾತ್ರಿ ಉಂಡಾದ ಮೇಲೆ ಮನೆಮಂದಿಯ ಜೊತೆ ಕೂತು ಮಾತಾಡಿದ ಧ್ವನಿ ಎಂದರೆ ಈಟಿವಿ ಕನ್ನಡದ ‘ಕ್ರೈಂ ಡೈರಿ’ಯ ಆ ಧ್ವನಿಯೇ. ಬಳ್ಳಾರಿಯಲ್ಲಿ ಹುಟ್ಟಿದವರು, ನಮ್ಮ ಬಿಸಿಲಿನವರು ಎಂಬ ಸಲುಗೆ ಬೇರೆ. ಯಾವುದೋ ಊರಿನ ಕೊಲೆಯನ್ನು ನಮ್ಮ ಓಣಿಯಲ್ಲಿ ಆದಂತೆ ಹೇಳುತ್ತಿದ್ದರು. ಮುಗಿದ ಮೇಲೆ ಹುಡುಗರು ಅಂಗಳಕ್ಕೆ ಒಂಟಿಯಾಗಿ ಹೋಗುತ್ತಿರಲಿಲ್ಲ.

2017ರ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿಗಾಗಿ ಅವರಿಗೆ ಒಂದು ವರ್ಷದ ಜೈಲುಶಿಕ್ಷೆಯ ನಿರ್ಣಯ ಮಾಡಿತು. ಜನಕ್ಕೆ ಅದು ಪತ್ರಕರ್ತ ಮತ್ತು ಶಾಸಕರ ಗುದ್ದಾಟ ಅನ್ನಿಸಿತು, ಬಹಳ ಮಂದಿ ಅವರ ಪರವೇ ಇದ್ದರು. ಡಿಸೆಂಬರ್ 8ರದ್ದು ಹಾಗಲ್ಲ. ಹಿಂದೆ ತಮ್ಮ ಪತ್ರಿಕೆಯಲ್ಲಿ ಕೆಲಸ ಮಾಡಿದ್ದ ಸಹೋದ್ಯೋಗಿಯ ಕೊಲೆಗೆ ಸುಪಾರಿ ಕೊಟ್ಟ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಅವರನ್ನು ಬಂಧಿಸಿದರು. ಆರೋಪವನ್ನು ಅವರು ಅಲ್ಲಗಳೆದರು, ಆರೋಗ್ಯದ ಕಾರಣಕ್ಕೆ ಕೆಲವೇ ದಿನಗಳಲ್ಲಿ ಜಾಮೀನೂ ಸಿಕ್ಕಿತು. ಬಂಧನವಾದ ಸಂಜೆ ಸೇಡಂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಣ್ಣಗಾದರೂ ಯಾರೂ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಎಲ್ಲ ವಾಹಿನಿಗಳೂ ಸುದ್ದಿಯನ್ನು ಹೇಳುತ್ತಿದ್ದ ಶೈಲಿ ಯಾರದು? ಅದೇ ಗಡಸು ಧ್ವನಿ, ಅದೇ ಅರ್ಧಕ್ಕೆ ನಿಲ್ಲಿಸುವ ವಾಕ್ಯ, ಅದೇ ಹಿನ್ನೆಲೆಯ ಢಂ. ಹದಿನೈದು ವರ್ಷದ ಹಿಂದೆ ಅವರು ಕಲಿಸಿದ್ದನ್ನು ಶಿಷ್ಯರು ಗುರುವಿಗೇ ಒಪ್ಪಿಸುತ್ತಿದ್ದರು. ನನ್ನ ಪಕ್ಕ ಕೂತಿದ್ದ ಲಾರಿ ಡ್ರೈವರ್ ಒಬ್ಬ, “ಇದನ್ನ ಅವರೇ ಹೇಳಿದ್ರ ಇನ್ನೂ ಚಂದ ಹೇಳ್ತಿದ್ರು ನೋಡ್ರಿ” ಎಂದ. ವ್ಯಂಗ್ಯ ಇರಲಿಲ್ಲ, ಖರೇನೇ ಹೇಳಿದ್ದ.

2019ರಲ್ಲಿ ಬೆಳಗೆರೆ ‘ಬಿಗ್ ಬಾಸ್’ ಮನೆಯೊಳಗೆ ಹೋಗಿ, ಆರೋಗ್ಯ ಸರಿಯಿಲ್ಲದೆ ಕೆಲವೇ ದಿನಗಳಲ್ಲಿ ಹೊರಬಂದರು. ಬಂಧನದ ವಿಷಯ ಮಂದಿ ಮರೆತಿರಲಿಲ್ಲ. ಆದರೂ ಎಲ್ಲರ ಬಾಯಲ್ಲಿದ್ದದ್ದು ಆ ದೇಹ ಎಷ್ಟು ಸೊರಗಿದೆ ಎಂಬ ಮಾತು. 2020ರ ನವೆಂಬರ್ 13ರಂದು ಅವರು ತೀರಿಕೊಂಡಾಗ ವಾಡಿ, ಶಹಾಬಾದಿನ ಮೊಬೈಲುಗಳಲ್ಲಿ ಹರಿದಾಡಿದ್ದು ಹಳೆಯ ಧ್ವನಿಯ ತುಣುಕುಗಳೇ. ಒಪ್ಪಿದವರೂ ಒಪ್ಪದವರೂ ಅವನ್ನೇ ಕಳಿಸಿದರು.

ಇನ್ನೊಂದು ಹಗರಣ ನನ್ನನ್ನು ಕಾಡುವುದು ಬೇರೆ ಕಾರಣಕ್ಕೆ. 2019ರ ಜನವರಿಯಲ್ಲಿ ಕರಣ್ ಜೋಹರ್ ಅವರ ಕಾಫಿ ಕಾರ್ಯಕ್ರಮದಲ್ಲಿ ಕ್ರಿಕೆಟಿಗ ಹಾರ್ದಿಕ್ ಪಾಂಡ್ಯ ಹೆಂಗಸರ ಬಗ್ಗೆ ಹಗುರವಾಗಿ ಮಾತಾಡಿದರು, ಪಕ್ಕದಲ್ಲಿ ಕೂತದ್ದು ಕರ್ನಾಟಕದ ಕೆ.ಎಲ್. ರಾಹುಲ್. ಬಿಸಿಸಿಐ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ಮನೆಗೆ ಕಳಿಸಿತು, ಆಮೇಲೆ ತಲಾ 20 ಲಕ್ಷ ರೂಪಾಯಿ ದಂಡ. ಆ ಸಂದರ್ಶನ ತನ್ನನ್ನು ಎಷ್ಟು ಹೆದರಿಸಿತು ಎಂದು ರಾಹುಲ್ ಐದು ವರ್ಷದ ಮೇಲೂ ಹೇಳಿಕೊಂಡರು. ನಿರೂಪಕರು ನನ್ನದೂ ಹೊಣೆ ಎಂದರು, 2022ಕ್ಕೆ ಹೊಸ ಕಂತುಗಳೊಂದಿಗೆ ಅದೇ ಸೋಫಾಕ್ಕೆ ಮರಳಿದರು. ಪ್ರಶ್ನೆಯನ್ನು ಎಸೆಯುವವನು, ಅತಿಥಿ ಜಾರುವಾಗ ನಕ್ಕು ಹುರಿದುಂಬಿಸುವವನು, ಆ ತುಣುಕನ್ನು ಕತ್ತರಿಸದೆ ಬಿಡುವ ವಾಹಿನಿ, ಈ ಮೂವರಿಗೆ ದಂಡವಿಲ್ಲ. ವಾಡಿಯ ಚಹಾದಂಗಡಿಯಲ್ಲೂ ಅಂದು ಬೈಸಿಕೊಂಡವರು ಆ ಇಬ್ಬರು ಹುಡುಗರೇ. ನಾನೂ ಬೈದೆ. ನಿರೂಪಕ ಆ ಚೌಕಟ್ಟಿನಲ್ಲಿದ್ದ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

2024ರ ಮಾರ್ಚ್ 30ರಿಂದ ಕಪಿಲ್ ಹೊಸ ಕಾರ್ಯಕ್ರಮ ನೆಟ್‌ಫ್ಲಿಕ್ಸ್‌ನಲ್ಲಿ ಬರತೊಡಗಿತು, ಸುನಿಲ್ ಗ್ರೋವರ್ ಜೊತೆಯಲ್ಲೇ. ಏಳು ವರ್ಷದ ಮುನಿಸು, ಒಂದು ವಿಮಾನ, ಎಲ್ಲವೂ ಈಗ ಜೋಕಿನ ಸಾಮಾನು. ಚಿತ್ತಾಪುರದ ಅಕ್ಕ ಮೊಮ್ಮಗನ ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು ನೋಡುತ್ತಾಳೆ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ. ಕಪಿಲ್ ಮಾತಾಡುವಷ್ಟು ಹೊತ್ತು ಕಣ್ಣು ಬೇಳೆಯ ಮೇಲೆ, ಕೈ ಹರಳು ಹುಡುಕುತ್ತಿರುತ್ತದೆ. ಸುನಿಲ್ ಬಾಗಿಲು ತಳ್ಳಿದ ಕೂಡಲೇ ಮೊರ ಕೆಳಗಿಡುತ್ತಾಳೆ, “ತಮ್ಮಾ, ಸ್ವಲ್ಪ ಆವಾಜ್ ಜಾಸ್ತಿ ಮಾಡು” ಎನ್ನುತ್ತಾಳೆ.