ಡಿ.ಜೆ. ಬಂತು, ಕೈ ಯಾರದು?

ನಮ್ಮ ರಾಂಪುರದ ಕಡೆ ‘ಡಿ.ಜೆ.’ ಎಂದರೆ ಮನುಷ್ಯನಲ್ಲ, ಪೆಟ್ಟಿಗೆ. ‘ಡಿ.ಜೆ. ಬಂದ’ ಎಂದು ಯಾರೂ ಹೇಳುವುದಿಲ್ಲ, ‘ಡಿ.ಜೆ. ಬಂತು’ ಅಂತಾರೆ. ಟ್ರಾಕ್ಟರಿನ ಟ್ರೈಲರಿನಲ್ಲಿ ಆಳೆತ್ತರಕ್ಕೆ ಜೋಡಿಸಿದ ಬಾಸ್ ಪೆಟ್ಟಿಗೆಗಳು, ಹಿಂದೆ ಗುಡುಗುಟ್ಟುವ ಜನರೇಟರು, ತಿರುಗುವ ದೀಪ, ಒಂದು ಪೆನ್‌ಡ್ರೈವ್. ಪೆನ್‌ಡ್ರೈವ್ ಚುಚ್ಚಿದವನು ಬೀಡಿ ಸೇದುತ್ತಾ ಕೂತರೂ ಹಾಡು ಅದರ ಪಾಡಿಗೆ ಅದು ಓಡುತ್ತದೆ. ಟ್ರೈಲರಿನ ಮುಂದೆ ಮಾಲೀಕನ ಹೆಸರು, ಪಕ್ಕದ ಫ್ಲೆಕ್ಸಿನಲ್ಲಿ ದುಡ್ಡು ಕೊಟ್ಟ ಮುಖಂಡನ ನಗು. ಪೆಟ್ಟಿಗೆಗಳನ್ನು ಹೊತ್ತು ಏರಿಸಿದ, ಇಳಿಸಿದ ಹುಡುಗರು ಯಾವ ಕೇರಿಯವರು ಅಂತ ಕೇಳಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದಲ್ಲಿ ರಾಜನ ಮಾತು ಮುಗಿದ ಮೇಲೆ ಬರೆದವನ ಹೆಸರೂ ಇದೆ: ಚಪಡ. ಎರಡು ಸಾವಿರ ವರ್ಷಕ್ಕೂ ಹಿಂದಿನ ಒಬ್ಬ ಲಿಪಿಕಾರನಿಗೆ ಸಿಕ್ಕಿದ್ದು ಇವತ್ತಿನ ಡಿ.ಜೆ. ಹುಡುಗನಿಗೆ ಸಿಕ್ಕಿಲ್ಲ.

ಈ ಡಿ.ಜೆ.ಯ ಬಗ್ಗೆ ಎರಡು ಬಗೆಯ ವಿಮರ್ಶೆ ನಡೆಯುತ್ತಿದೆ. ಒಂದು ಕಾನೂನಿನದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿಯ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ದಾಟಬಾರದು. ಇದಕ್ಕೆ ನಮ್ಮ ತಕರಾರಿಲ್ಲ. ಎದೆಗೂಡು ನಡುಗಿಸುವ ಸದ್ದಿನಲ್ಲಿ ಬಾಣಂತಿ, ಹಸುಗೂಸು, ಮುದುಕರು ಪಡುವ ಪಾಡು ಊರಲ್ಲೂ ಒಂದೇ, ಕೇರಿಯಲ್ಲೂ ಒಂದೇ. ಇನ್ನೊಂದು ಜಾನಪದ ಪ್ರೇಮಿಗಳದು. ‘ಡಿ.ಜೆ. ಬಂದು ತಮಟೆ ಸತ್ತುಹೋಯಿತು’ ಎಂದು ವಿಚಾರಸಂಕಿರಣಗಳಲ್ಲಿ ಮರುಗುತ್ತಾರೆ. ಇಲ್ಲಿ ನಮ್ಮ ತಕರಾರಿದೆ.

ತಮಟೆಯನ್ನು ಕೆಳಗಿಟ್ಟ ಹುಡುಗನನ್ನೇ ಕೇಳಿ ನೋಡ್ರಿ. ಡಿ.ಜೆ. ಬಂತು ಅಂತ ಅವನು ಇಡಲಿಲ್ಲ. ಹೆಣದ ಮುಂದೆ ಬಡಿ, ಊರಿಗೆಲ್ಲ ಸಾರು, ದೇವರ ಮೆರವಣಿಗೆಯಲ್ಲಿ ಮುಂದೆ ನಡಿ, ಗುಡಿ ಬಂದ ಕೂಡಲೆ ದೂರ ನಿಲ್ಲು ಎನ್ನುವ ಬಿಟ್ಟಿ ಚಾಕರಿ ಬೇಡ ಅಂತ ಇಟ್ಟ. ಅವನ ತಾತನಿಗೆ ಸಿಕ್ಕ ಸಂಭಾವನೆ ಎತ್ತರದಿಂದ ಟವಲ್ಲಿಗೆ ಸುರಿದ ಕಾಳು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೂ ಹಿಗ್ಗಿದೆವು. ಆದರೆ ವೇದಿಕೆಯ ಮೇಲೆ ಕಲೆಯಾದದ್ದು ಊರ ಬಾಗಿಲಲ್ಲಿ ಇನ್ನೂ ಜಾತಿಯ ಗುರುತೇ. ‘ಕಲೆ ಉಳಿಸಿರಪ್ಪಾ’ ಎಂದು ನಮಗೆ ಉಪದೇಶಿಸುವವರು ತಮ್ಮ ಮಕ್ಕಳ ಕೈಗೆ ತಮಟೆ ಕೊಟ್ಟದ್ದನ್ನು ನಾವಂತೂ ಕಂಡಿಲ್ಲ.

ಹಾಗಂತ ಪೆಟ್ಟಿಗೆಯ ವಕೀಲಿಯನ್ನೂ ನಾವು ವಹಿಸುವುದಿಲ್ಲ. ಏಪ್ರಿಲ್ 14ರ ಮೆರವಣಿಗೆಗೂ ಈಗ ಅದೇ ಟ್ರಾಕ್ಟರು, ಅದೇ ಪೆಟ್ಟಿಗೆ. ಅದರ ಮುಂದೆ ಹುಡುಗರು ಯಾಕೆ ಮೈಮರೆತು ಕುಣಿಯುತ್ತಾರೆ ಎಂಬುದು ನಮಗೆ ಗೊತ್ತು. ಹಿರಿಯರು ಚಪ್ಪಲಿ ಮೆಟ್ಟಿ ನಡೆಯಲಾರದ ಬೀದಿಯಲ್ಲಿ ಇವತ್ತು ನಮ್ಮ ಸದ್ದು ಮುಂದೆ ಮುಂದೆ ಹೋಗುತ್ತೆ. ಸದ್ದಿಗೆ ಮಡಿ-ಮೈಲಿಗೆ ಇಲ್ಲ; ಕದ ಹಾಕಿಕೊಂಡರೂ ನಡುಮನೆಗೆ ಹೋಗಿ ಕೂರುತ್ತೆ. ಈ ಸುಖವನ್ನು ಬರೀ ಗಲಾಟೆ ಎಂದು ತಳ್ಳಿಹಾಕುವ ವಿಮರ್ಶೆಯನ್ನು ನಾವು ಒಪ್ಪುವುದಿಲ್ಲ. ಆದರೆ ಗೆಳೆಯರೆ, ಆ ಸದ್ದು ಬಾಡಿಗೆಯದು. ರಾತ್ರಿ ಮುಗಿದರೆ ಟ್ರಾಕ್ಟರು ಮಾಲೀಕನ ಮನೆಗೆ, ಸಾಲ ಕೇರಿಗೆ. ನಾಳೆ ಅದೇ ಪೆಟ್ಟಿಗೆ ನಮ್ಮನ್ನು ಬೈಯುವವರ ಮೆರವಣಿಗೆಗೂ ಹೋಗುತ್ತೆ. ಪೆಟ್ಟಿಗೆಗೆ ಪಕ್ಷ ಇಲ್ಲ, ಕೈಗೆ ಉಂಟು. ನಾವು ಕೇಳುತ್ತಿರುವುದು ಆ ಕೈ ಎಲ್ಲಿ ಹೋಯಿತು ಎಂದು.

ಡಿ.ಜೆ. ಎಂದರೆ ಡಿಸ್ಕ್ ಜಾಕಿ, ತಟ್ಟೆಯ ಸವಾರ. ಕುದುರೆಯನ್ನು ಹತೋಟಿಯಲ್ಲಿಟ್ಟ ಹಾಗೆ ಗ್ರಾಮಫೋನ್ ಪ್ಲೇಟನ್ನು ಹತೋಟಿಯಲ್ಲಿಟ್ಟವನು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಜಮೈಕಾದಿಂದ ವಲಸೆ ಬಂದ ಕುಟುಂಬದ ಹದಿನೆಂಟರ ಹುಡುಗ ಕ್ಲೈವ್ ಕ್ಯಾಂಪ್‌ಬೆಲ್ ಒಂದು ಕೂಟದಲ್ಲಿ ಪ್ಲೇಟು ಹಾಕಿದ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಿಕೊಳ್ಳಲು ಅವನ ತಂಗಿ ನಡೆಸಿದ ಕೂಟ ಅದು. ಅವನನ್ನು ಜಗತ್ತು ಕೂಲ್ ಹರ್ಕ್ ಎಂದು ಕರೆಯುತ್ತದೆ. ಹಾಡುಗಾರ ಸುಮ್ಮನಾಗಿ ಬರೀ ತಾಳವಾದ್ಯ ಉಳಿಯುವ ಜಾಗದಲ್ಲಿ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಅವನು ಗಮನಿಸಿದ. ಒಂದೇ ಹಾಡಿನ ಎರಡು ಪ್ಲೇಟುಗಳನ್ನು ಅಕ್ಕಪಕ್ಕ ಇಟ್ಟು ಆ ಜಾಗವನ್ನೇ ಮತ್ತೆ ಮತ್ತೆ ನುಡಿಸಿದ. ಅವನ ಹಿಂದೆಯೇ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಲೆಕ್ಟ್ರಾನಿಕ್ಸ್ ಕಲಿತ ಹುಡುಗ. ಪ್ಲೇಟಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿದ. ಪ್ಲೇಟು ಕೈಗೆ ಸಲೀಸಾಗಿ ಜಾರಲೆಂದು ಅಡಿಯ ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿದ. ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್ ಎಂಬ ಇನ್ನೊಬ್ಬ ಹುಡುಗ, ಓಡುವ ಪ್ಲೇಟನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಹುಟ್ಟುವ ಸದ್ದನ್ನೇ ನುಡಿತವಾಗಿ ಮಾಡಿದ. ಅದಕ್ಕೆ ಸ್ಕ್ರಾಚ್ ಎಂದು ಹೆಸರು.

ಅದೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಬೂಸಾ ಎಂದ ಮಾತಿಗೆ ಕರ್ನಾಟಕ ಹೊತ್ತಿ ಉರಿಯಿತು. ಒಂದೇ ವರ್ಷ, ಎರಡು ಕಡೆಯ ಬಡವರ ಮಕ್ಕಳು. ಕಪ್ಪು ಜನರ ಕವಿತೆ ನಮಗೆ ತಲುಪಿತು, ತಟ್ಟೆ ತಲುಪಲಿಲ್ಲ. ತಲುಪುವ ಹೊತ್ತಿಗೆ ಅದು ಪೆನ್‌ಡ್ರೈವ್ ಆಗಿತ್ತು.

ಪ್ಲೇಟೇನೂ ನಮಗೆ ಹೊಸದಲ್ಲ. ಟೆಂಟು ಸಿನಿಮಾದಲ್ಲಿ ಆಟಕ್ಕೆ ಮುಂಚೆ, ಮದುವೆ ಮನೆಯ ಮೈಕ್ ಸೆಟ್ಟಿನಲ್ಲಿ ಪ್ಲೇಟು ತಿರುಗಿದ ಕಾಲ ಹಿರಿಯರಿಗೆ ನೆನಪಿದೆ. ಮಾತು ತಿರುಚುವವನನ್ನು ‘ಪ್ಲೇಟು ಬದಲಾಯಿಸಿದ’ ಅಂತ ಈಗಲೂ ಅಂತೀವಿ. ಆದರೆ ಮೈಕ್ ಸೆಟ್ಟಿನ ಹತ್ತಿರ ಸುಳಿದ ನಮ್ಮ ಅಪ್ಪಂದಿರಿಗೆ ಸಿಕ್ಕಿದ್ದು ಒಂದೇ ಮಾತು: ‘ಏಯ್, ಮುಟ್ಟಬ್ಯಾಡ್ರೋ.’ ಬ್ರಾಂಕ್ಸಿನ ಕಲೆ ಶುರುವಾಗುವುದೇ ಮುಟ್ಟುವುದರಿಂದ.

ಈ ಮುಟ್ಟುವ ಕಲೆ ದುಬಾರಿಯದು. ನೂರಾರು ಪ್ಲೇಟು ಕೊಳ್ಳಬೇಕಿತ್ತು, ನಮ್ಮ ಹಾಡುಗಳ ಪ್ಲೇಟು ಸಿಗುವುದೂ ಕಷ್ಟ. 2000ದ ದಶಕದ ಆರಂಭದಲ್ಲಿ ಬಂದ ಡಿಜಿಟಲ್ ವಿನೈಲ್ ಎಂಬ ಉಪಾಯ ಇಲ್ಲಿ ನಮ್ಮ ಕೆಲಸಕ್ಕೆ ಬರುತ್ತದೆ. ಇದರಲ್ಲಿ ಒಂದೇ ಪ್ಲೇಟು ಸಾಕು. ಆ ಪ್ಲೇಟಿನಲ್ಲಿ ಹಾಡಿಲ್ಲ, ಒಂದೇ ಸಮನೆ ಕುಂಯ್‌ಗುಡುವ ನಾದ ಇದೆ. ಸೆರಾಟೋ ಕಂಪನಿಯ ಪ್ಲೇಟಿನಲ್ಲಿ ಅದು ಸೆಕೆಂಡಿಗೆ 1000 ಕಂಪನ. ಮುಳ್ಳು ಅದನ್ನು ಓದಿ ಕಂಪ್ಯೂಟರಿಗೆ ಕಳಿಸುತ್ತದೆ. ಪ್ಲೇಟನ್ನು ನಿಧಾನ ಮಾಡಿದರೆ ನಾದ ತಗ್ಗುತ್ತದೆ, ಜೋರು ಮಾಡಿದರೆ ಏರುತ್ತದೆ. ಅದರಿಂದ ವೇಗ ತಿಳಿಯುತ್ತದೆ. ಎಡಗಡೆಯ ನಾದಕ್ಕೂ ಬಲಗಡೆಯ ನಾದಕ್ಕೂ ಕಾಲು ಸುತ್ತಿನ ಅಂತರ ಇಟ್ಟಿರುತ್ತಾರೆ. ಯಾವುದು ಮುಂದಿದೆ ಎಂದು ನೋಡಿ ಕೈ ಮುಂದೆ ತಳ್ಳಿತೋ ಹಿಂದೆ ಎಳೆಯಿತೋ ಎಂಬುದನ್ನು ಕಂಪ್ಯೂಟರು ಹಿಡಿಯುತ್ತದೆ. ನಾದದೊಳಗೇ ಅಡಗಿಸಿದ ಸಂಕೇತದಿಂದ ಮುಳ್ಳು ಪ್ಲೇಟಿನ ಯಾವ ಜಾಗದಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿರುವ ಯಾವುದೇ ಹಾಡು ಆ ಕೈಯ ಹಿಂದೆ ನಡೆಯುತ್ತದೆ. ಅಂದರೆ ಪ್ಲೇಟು ಕೈಯ ಚಲನೆಯನ್ನು ಮಾತ್ರ ಸಾಗಿಸುತ್ತದೆ. ಹಾಡು ಯಾರದು ಅಂತ ನಾವು ಆರಿಸಬಹುದು.

ನಗರದ ಅಂಗಡಿಗಳ ‘ಆರಂಭಿಕರ ಸೆಟ್’ ಎಂದರೆ ಎರಡು ಟರ್ನ್‌ಟೇಬಲ್, ಮಿಕ್ಸರ್, ಕಾಸು ಕೊಟ್ಟು ಕೊಳ್ಳುವ ಸಾಫ್ಟ್‌ವೇರು. ಅವರ ಆರಂಭದಲ್ಲೇ ನಮ್ಮ ಕಡೆ ಶೇಂಗಾ ಬೆಳೆದವನ ವರ್ಷದ ಗಳಿಕೆ ಮುಗಿದುಹೋಗುತ್ತದೆ. 1972ರಲ್ಲಿ ಹುಟ್ಟಿದ, ಡಿ.ಜೆ.ಗಳು ದೇವರಂತೆ ನೋಡುವ ಟೆಕ್ನಿಕ್ಸ್ 1200 ಹೊಸದಾಗಿ ಕೊಂಡರೆ ಒಂದಕ್ಕೇ ಲಕ್ಷದ ಆಸುಪಾಸು. ಅದನ್ನು ಬಿಡೋಣ. ನಮ್ಮ ಲೆಕ್ಕ ಸರಳ: ಕೈಯ ಚಲನೆ ಸಾಗುವ ದಾರಿಗೆ ಮಾತ್ರ ದುಡ್ಡು ಹಾಕಬೇಕು, ಉಳಿದದ್ದಕ್ಕೆ ಜಿಪುಣರಾಗಬೇಕು.

ಮೊದಲನೆಯದು ಟರ್ನ್‌ಟೇಬಲ್. ಇದು ಬೆಲ್ಟಿನದಾಗಬಾರದು, ತಟ್ಟೆಯನ್ನು ಮೋಟಾರು ನೇರ ತಿರುಗಿಸುವ ಡೈರೆಕ್ಟ್ ಡ್ರೈವ್ ಆಗಿರಬೇಕು. ಬೆಲ್ಟಿನದಾದರೆ ಕೈ ಬಿಟ್ಟ ಮೇಲೆ ತಟ್ಟೆ ವೇಗಕ್ಕೆ ಬರಲು ತಿಣುಕುತ್ತದೆ. ಸೂಟ್‌ಕೇಸಿನಂಥ ಅಲಂಕಾರದ ಪ್ಲೇಯರು, ಹಿತ್ತಾಳೆ ತುತ್ತೂರಿಯ ಹಳೇ ಗ್ರಾಮಫೋನು ಅಗ್ಗಕ್ಕೆ ಸಿಕ್ಕರೂ ತರಬೇಡಿ. ಅವು ಶ್ರೀಮಂತರ ಪಡಸಾಲೆಗೆ ಸರಿ. ಎರಡು ಬೇಡ, ಒಂದೇ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಆದೀತು, ಆದರೆ ಕಣ್ಣೆದುರು ತಿರುಗಿಸಿ, ವೇಗ ಅಲುಗಾಡದೆ ನಿಲ್ಲುತ್ತದೆಯೇ, ಮುಳ್ಳಿನ ತೋಳು ಸಡಿಲವಾಗಿದೆಯೇ ನೋಡಿಯೇ ದುಡ್ಡು ಎಣಿಸಿ. ಎರಡನೆಯದು ಮುಳ್ಳು. ಬೇರೆಯವರು ಉಜ್ಜಿ ಸವೆಸಿದ್ದು ಬೇಡ, ಹೊಸದೇ ಇರಲಿ.

ಮೂರನೆಯದು ಸೌಂಡ್ ಕಾರ್ಡು. ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟಿನ ಸಣ್ಣ ಜೀವ. ಅದನ್ನು ಹಿಗ್ಗಿಸುವ ಫೋನೋ ಪ್ರಿಆಂಪ್ ಬೇಕು. ಬೆಹ್ರಿಂಗರ್ ಕಂಪನಿಯ ಯು.ಎಫ್.ಒ. 202 ಎಂಬ ಅಂಗೈಯಗಲದ ಡಬ್ಬಿಯಲ್ಲಿ ಪ್ರಿಆಂಪೂ ಇದೆ, ಅರ್ತಿಂಗ್ ತಂತಿ ಕಟ್ಟುವ ಸ್ಕ್ರೂ ಕೂಡ ಇದೆ. ಆ ತಂತಿ ಕಟ್ಟದಿದ್ದರೆ ಗುಂಯ್ ಎನ್ನುವ ಸದ್ದಿನಲ್ಲಿ ನಾದ ಮುಳುಗುತ್ತದೆ. ಒಂದು ಟರ್ನ್‌ಟೇಬಲ್ಲಿಗೆ ಇಷ್ಟು ಸಾಕು. ಕೈ ಆಡಿಸಿದ್ದಕ್ಕೂ ಸದ್ದು ಬರುವುದಕ್ಕೂ ನಡುವಿನ ತಡವನ್ನು ಸಾಫ್ಟ್‌ವೇರಿನಲ್ಲಿ ಆದಷ್ಟು ತಗ್ಗಿಸಿಕೊಳ್ಳಬೇಕು. ತಮಟೆ ಬಡಿದ ಕಿವಿ ಆ ತಡವನ್ನು ತಕ್ಷಣ ಹಿಡಿದುಬಿಡುತ್ತದೆ.

ಸಾಫ್ಟ್‌ವೇರಿಗೆ ಕಾಸು ಕೊಡಬೇಕಿಲ್ಲ. ಮಿಕ್ಸ್‌ಎಕ್ಸ್‌ಎಕ್ಸ್ ಎಂಬುದು ಯಾರ ಸ್ವತ್ತೂ ಅಲ್ಲದ, ಹಲವರು ಕೂಡಿ ಬರೆದ ಉಚಿತ ಸಾಫ್ಟ್‌ವೇರು. ಸೆರಾಟೋ, ಟ್ರಾಕ್ಟರ್ ಸಾಫ್ಟ್‌ವೇರುಗಳ ಸಂಕೇತದ ಪ್ಲೇಟುಗಳನ್ನು ಇದು ಓದುತ್ತದೆ. (ಟ್ರಾಕ್ಟರ್ ಎಂಬ ಹೆಸರಿನ ಡಿ.ಜೆ. ಸಾಫ್ಟ್‌ವೇರೇ ಉಂಟು, ನಮ್ಮೂರಿನವರು ನಗಬಹುದು.) ಒಂದೇ ಟರ್ನ್‌ಟೇಬಲ್ಲಿನಿಂದ ಎರಡು ಹಾಡುಗಳನ್ನು ಸರದಿಯಂತೆ ಹಿಡಿಯುವ ಏರ್ಪಾಟೂ ಇದರಲ್ಲಿದೆ. ಸರ್ಕಾರಿ ಕಾಲೇಜಿನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪು ಎಷ್ಟೋ ಮನೆಗಳಲ್ಲಿ ಸೀರೆಯಡಿ ಮಲಗಿದೆ. ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಅದೇ ಸಾಕು. ಮಿಕ್ಸರು ಆಮೇಲೆ. ಮೊದಲು ಕಲಿಯಬೇಕಾದ ಹಿಂದೆ-ಮುಂದೆ ಉಜ್ಜುವ ಪಾಠಕ್ಕೆ ಪ್ಲೇಟಿನ ಮೇಲಿರುವ ಕೈ ಒಂದೇ ಸಾಕು, ಇನ್ನೊಂದು ಕೈಗೆ ಕೆಲಸವೇ ಇಲ್ಲ.

ಉಳಿದದ್ದಕ್ಕೆ ನಮ್ಮೂರೇ ಅಂಗಡಿ. ತಟ್ಟೆಯ ಮೇಲೆ ಹಾಸುವ ಜಾರುಬಟ್ಟೆಯನ್ನು ಫ್ಲ್ಯಾಶ್ ಮಾಡಿಕೊಂಡ ಹಾಗೆ ನಾವೂ ಗಂಜಿ ಹಾಕಿ ಮಾಡಿಕೊಳ್ಳಬಹುದು. ಮೊಳಕಾಲ್ಮುರಿನಲ್ಲಿ ಮಗ್ಗದ ಮನೆಗಳಿದ್ದು ಬಟ್ಟೆಯ ಗುಣ ಬಲ್ಲವರಿಗೆ ಬರವಿಲ್ಲ. ಅಲುಗಾಟ ತಡೆಯಲು ಕಡಪಾ ಕಲ್ಲಿನ ಚಪ್ಪಡಿ, ಅದರಡಿ ಹಳೇ ಸೈಕಲ್ ಟ್ಯೂಬು. ನಮ್ಮ ಗಾಳಿ, ನಮ್ಮ ಧೂಳು ಮುಳ್ಳಿಗೆ ವೈರಿ. ಮೆತ್ತನೆಯ ಕುಂಚ ಇಟ್ಟುಕೊಳ್ಳಿ. ಮುಳ್ಳು ಹಾರಿದರೂ ಹಾಡು ಹಾರದಂತೆ ಸಾಫ್ಟ್‌ವೇರಿನಲ್ಲಿ ‘ರಿಲೇಟಿವ್’ ಎಂಬ ಪದ್ಧತಿ ಆರಿಸಿಕೊಳ್ಳಬೇಕು. ಅದು ಜಾಗವನ್ನು ಬಿಟ್ಟು ವೇಗ, ದಿಕ್ಕು ಮಾತ್ರ ನೋಡುತ್ತದೆ.

ಇಷ್ಟೂ ದುಡ್ಡು ಒಬ್ಬನ ಕಿಸೆಯಿಂದ ಬರುವಂಥದ್ದಲ್ಲ. ನಾಲ್ಕೈದು ಜನ ಕೂಡಿ ಹಾಕಬೇಕು, ಸೆಟ್ಟು ಒಬ್ಬನ ಮನೆಯಲ್ಲಿ ಕೂರಬಾರದು. ಫೈನಾನ್ಸಿನವರ ಬಡ್ಡಿಗೆ ಹೋಗಿ ಬಾಸ್ ಪೆಟ್ಟಿಗೆ ತಂದು, ಮೂರನೇ ಕಂತಿಗೇ ಮುಖ ಮರೆಸಿಕೊಂಡ ಹುಡುಗರನ್ನು ನಾವು ಕಂಡಿದ್ದೇವೆ. ಪೆಟ್ಟಿಗೆ ಕೊಳ್ಳುವ ಅಗತ್ಯವೇ ಇಲ್ಲ. ಕಲಿಯುವಾಗ ಹೆಡ್‌ಫೋನು ಸಾಕು, ಕೇರಿಯ ನಿದ್ದೆಯೂ ಕೆಡುವುದಿಲ್ಲ. ‘ಅಣ್ಣಾ, ಸದ್ದೇ ಇಲ್ದಿದ್ರೆ ಅದೆಂಥ ಡಿ.ಜೆ.?’ ಎಂದು ಹುಡುಗರು ಕೇಳುತ್ತಾರೆ. ಕೇಳಲಿ. ತಮಟೆಯ ಬಲಗೈಯ ದಪ್ಪ ಕೋಲು, ಎಡಗೈಯ ಸಣ್ಣ ಕಡ್ಡಿ ಎರಡೂ ಬೇರೆ ಬೇರೆ ಮಾತಾಡುವುದನ್ನು ಎಳವೆಯಲ್ಲೇ ಕಲಿತ ಕೈಗಳು ಇವು. ಒಂದು ಕೈ ಪ್ಲೇಟಿನ ಮೇಲೆ, ಇನ್ನೊಂದು ಫೇಡರಿನ ಮೇಲೆ ಎಂದರೆ ಇವರಿಗೆ ಪಾಠ ಅರ್ಧ ಮುಗಿದಂತೆ. ಪಟ್ಟಣದ ತರಬೇತಿಯವರು ಸಾವಿರಗಟ್ಟಲೆ ಪಡೆದು ಕಲಿಸುವ ಲಯ ಇಲ್ಲಿ ಗುಡಿಸಲಲ್ಲೇ ಇದೆ.

ಮೊದಲ ಹಾಡು ಯಾವುದಾಗಬೇಕು ಎಂದರೆ ಸಿನಿಮಾದ್ದು ಬೇಡ ಎಂಬುದು ನಮ್ಮ ಅಭಿಪ್ರಾಯ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬಡಿದ ಹಿರಿಯರು ಇನ್ನೂ ಇದ್ದಾರೆ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿದ ತಮಟೆಯ ಮೇಲೆ ಅವರು ನುಡಿಸುವ ನಾಲ್ಕು ನಿಮಿಷವನ್ನು ಮೊಬೈಲಿನಲ್ಲಿ ಹಿಡಿದು ಲ್ಯಾಪ್‌ಟಾಪಿಗೆ ಹಾಕಿದರೆ, ಅದೇ ನಮ್ಮ ಮೊದಲ ಪ್ಲೇಟು. ಹೆಣದ ಮುಂದಿನ ಗತ್ತನ್ನು ಹಿಂದಕ್ಕೆ ಎಳೆದು, ಕತ್ತರಿಸಿ, ಬೇರೆ ಮೆರವಣಿಗೆಯ ಗತ್ತು ಮಾಡಬಹುದು. ಹಾಗೆ ಮಾಡುವ ಮುಂಚೆ ಅವರನ್ನು ಕೇಳಬೇಕು. ಹಿಡಿಯುವ ದಿನದ ಕೂಲಿಯನ್ನು ಕೈಗೇ ಕೊಡಬೇಕು. ಫೈಲಿಗೆ ಅವರ ಹೆಸರಿಡಬೇಕು, ಜೊತೆಗೆ ಅವರ ಊರಿನ ಹೆಸರೂ ಇರಬೇಕು.