ಯಂತ್ರಕ್ಕಾಗಿ ಎತ್ತರವಾದ ಕಡಲೆ

ಕಳೆದ ಹಿಂಗಾರಿಯಲ್ಲಿ ಅಸೂಟಿಯ ನಮ್ಮ ಎರೆಹೊಲದ ಬದುವಿನ ಮೇಲೆ ಕೂತು ಅವ್ವ ಫೋನಿನ ಜೊತೆ ಮಾತಾಡುತ್ತಿದ್ದಳು. ಮಾತು ಕೇಳಿಸಿಕೊಂಡು ಉತ್ತರ ಕೊಡುವ ಆ್ಯಪ್ ಅದು. "ಕಡ್ಲಿಗೆ ಕೀಡಿ ಬಿದ್ದೈತಿ, ಏನ್ ಹೊಡೀಬೇಕು?" ಅಂದಳು. ಪರದೆಯ ಮೇಲೆ ಮೂಡಿದ್ದು "ಕಡಲಿಗೆ ಕಿಡಿ ಬಿದ್ದಿದೆ". ಎರಡು ಸಲ ಹಾಗೇ ಆಯಿತು. ಮೂರನೇ ಸಲ ಅವ್ವ ಸೆರಗು ಸರಿಮಾಡಿಕೊಂಡು, ಸಾಲಿ ಮಾಸ್ತರರ ಮುಂದೆ ನಿಂತವಳ ಹಾಗೆ, "ಕಡಲೆ ಬೆಳೆಗೆ ಹುಳು ಬಿದ್ದಿದೆ" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಉತ್ತರ ಬಂತು. ಅರವತ್ತು ವರ್ಷ ಆಡಿದ ಮಾತನ್ನು ಅವಳು ಅರೆಗಳಿಗೆಯಲ್ಲಿ ಬದಿಗಿಟ್ಟಿದ್ದಳು.

ಬುದ್ಧಿವಂತ ಯಂತ್ರಗಳು ಮನುಷ್ಯನ ಮೇಲೆ ಬಂಡೆದ್ದಾವೇ ಎಂದು ಯಾರಾದರೂ ಕೇಳಿದರೆ ನನಗೆ ಆ ಬದುವೇ ನೆನಪಾಗುತ್ತದೆ. ಈ ಭಯವನ್ನು ರಂಗಕ್ಕೆ ತಂದವನು ಜೆಕ್ ಲೇಖಕ ಕಾರೆಲ್ ಚಾಪೆಕ್. 1920ರಲ್ಲಿ ಪ್ರಕಟವಾದ ಅವನ 'ಆರ್.ಯು.ಆರ್.' ನಾಟಕದಿಂದಲೇ 'ರೋಬೋಟ್' ಎಂಬ ಪದ ಜಗತ್ತಿಗೆಲ್ಲ ಹರಡಿತು. ಪದ ಸೂಚಿಸಿದವನು ಅವನ ಅಣ್ಣ ಯೋಸೆಫ್. ಜೆಕ್ ನುಡಿಯಲ್ಲಿ 'ರೊಬೊಟ' ಅಂದರೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವುದು. ನಾವು ಬಿಟ್ಟಿ ಚಾಕರಿ ಅನ್ನುತ್ತೇವಲ್ಲ, ಅದೇ. ನಾಟಕದಲ್ಲಿ, ಕಾರ್ಖಾನೆಯಲ್ಲಿ ತಯಾರಾದ ಈ ಆಳುಗಳು ಮನುಷ್ಯರ ಕೆಲಸವನ್ನೆಲ್ಲ ಹೊತ್ತುಕೊಳ್ಳುತ್ತವೆ, ಕೊನೆಗೆ ತಿರುಗಿಬಿದ್ದು ಎಲ್ಲರನ್ನೂ ಕೊಲ್ಲುತ್ತವೆ. ಆಲ್ಕ್ವಿಸ್ಟ್ ಎಂಬ ಒಬ್ಬನನ್ನು ಮಾತ್ರ ಉಳಿಸುತ್ತವೆ, ಅವನೂ ತಮ್ಮ ಹಾಗೆ ಕೈಯಿಂದ ದುಡಿಯುತ್ತಾನೆ ಎಂಬ ಕಾರಣಕ್ಕೆ.

ನಾಟಕದ ಬಲವಿರುವುದು ಆ ಪದದಲ್ಲಿ, ಆ ಒಬ್ಬನನ್ನು ಉಳಿಸಿದ್ದರಲ್ಲಿ. ಬಂಡಾಯದ ಭಾಗ ನನ್ನನ್ನು ಒಪ್ಪಿಸುವುದಿಲ್ಲ. ರೋಬೋಟುಗಳು ಸುಮ್ಮನೆ ತಿರುಗಿಬೀಳಲಾರವು ಎಂದು ಚಾಪೆಕ್‌ಗೂ ಗೊತ್ತಿತ್ತು. ಅದಕ್ಕೇ ವಿಜ್ಞಾನಿಯೊಬ್ಬ ಮೊದಲು ಅವುಗಳ ಸ್ವಭಾವವನ್ನೇ ಬದಲಿಸಿ, ಅವುಗಳಲ್ಲಿ ಸಿಟ್ಟು ಹುಟ್ಟುವಂತೆ ಮಾಡಬೇಕಾಯಿತು. ಬಂಡಾಯ ಎಂದರೇನು ಎಂದು ನಮ್ಮ ಸೀಮೆಗೆ ಯಾರೂ ಕಲಿಸಬೇಕಿಲ್ಲ. ಪಕ್ಕದ ನರಗುಂದದಲ್ಲಿ 1858ರಲ್ಲಿ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ರೈತರು ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ ಎದ್ದರು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟರು. ಹೊಟ್ಟೆಗೆ ಏಟು ಬಿದ್ದವನು, ಕಳೆದುಕೊಳ್ಳಲು ಜೀವ ಇರುವವನು ಬಂಡೇಳುತ್ತಾನೆ. ಇವತ್ತಿನ ಯಂತ್ರಕ್ಕೆ ಇವೆರಡೂ ಇಲ್ಲ.

2023ರಲ್ಲಿ ಗೂಗಲ್ ಬಿಟ್ಟು ಹೊರಬಂದು ಎಚ್ಚರಿಕೆ ಹೇಳತೊಡಗಿದ ವಿಜ್ಞಾನಿ ಜೆಫ್ರಿ ಹಿಂಟನ್ ಅವರ ವಾದ ಇದಕ್ಕಿಂತ ಗಟ್ಟಿ. ಯಂತ್ರಕ್ಕೆ ಸಿಟ್ಟು ಬರಬೇಕಾಗಿಲ್ಲ. ನಾವು ಒಪ್ಪಿಸಿದ ಕೆಲಸ ಮುಗಿಸಲು ನಾವು ಒಪ್ಪದ ದಾರಿ ಹಿಡಿದರೂ ಸಾಕು, ಅನಾಹುತ ಆದೀತು. ಇದನ್ನು ತಳ್ಳಿಹಾಕುವಷ್ಟು ಧೈರ್ಯ ನನಗಿಲ್ಲ. ಆದರೆ ಈ ವಾದದಲ್ಲೂ ಮನುಷ್ಯ ಕೊನೆಯವರೆಗೆ ಮನುಷ್ಯನಾಗಿಯೇ ಇರುತ್ತಾನೆ, ಬದಲಾಗುವುದು ಯಂತ್ರವೊಂದೇ. ನಮ್ಮ ಹೊಲದಲ್ಲಿ ಕಂಡದ್ದು ಹಾಗಿಲ್ಲ.

ಕಡಲೆಯನ್ನೇ ನೋಡಿ. ನಮ್ಮಲ್ಲಿ ಬಹಳ ಕಾಲ ಬಿತ್ತುತ್ತ ಬಂದ ಜೆಜಿ-11 ತಳಿಯ ಗಿಡ ಗಿಡ್ಡ. ಅಗಲಕ್ಕೆ ಹರಡುತ್ತದೆ, ಬುಡದ ಕಾಯಿ ನೆಲಕ್ಕೆ ಹತ್ತಿರ ತೂಗುತ್ತದೆ. ಕಟಾವು ಮಷೀನಿನ ಬ್ಲೇಡು ಅಷ್ಟು ಕೆಳಗೆ ಇಳಿಯದು, ಇಳಿದರೆ ಮಣ್ಣು ಹೆಂಟೆ ಎಲ್ಲ ಒಳಗೆ ಹೋಗುತ್ತದೆ. ಆದ್ದರಿಂದ ವಿಜ್ಞಾನಿಗಳು ಗಿಡವನ್ನೇ ಬದಲಿಸಿದರು. ಆಂಧ್ರದಲ್ಲಿ ಎನ್‌ಬಿಇಜಿ-47, ನಮ್ಮ ರಾಯಚೂರು ಕೃಷಿ ವಿಶ್ವವಿದ್ಯಾಲಯದಿಂದ ಜಿಬಿಎಂ-2. ಎರಡೂ ನೆಟ್ಟಗೆ ನಿಲ್ಲುವ, ಎತ್ತರದಲ್ಲಿ ಕಾಯಿ ಕಟ್ಟುವ, ಮಷೀನಿಗೆ ಒಗ್ಗುವ ತಳಿಗಳು.

ಇದು ತಪ್ಪು ಎನ್ನಲು ನನ್ನ ಬಾಯಿ ಬರುವುದಿಲ್ಲ. ಕಡಲೆ ಕೀಳುವ ಕೆಲಸ ಮಾಡಿದವರಿಗೆ ಗೊತ್ತು. ಬಿಸಿಲೇರಿದರೆ ಕಾಯಿ ಉದುರುತ್ತದೆ, ಅದಕ್ಕೆ ನಸುಕಿನ ತಂಪಿನಲ್ಲೇ ಬಗ್ಗಬೇಕು. ಗಿಡದ ಮೇಲಿನ ಹುಳಿ ಬೆರಳ ಸಂದಿಗೆ ಇಳಿದು ಚರ್ಮ ಸೀಳುತ್ತದೆ. ಅವ್ವನ ಹೆಬ್ಬೆರಳಿನ ಆ ಬಿರುಕು ಇನ್ನೂ ಮಾಯ್ದಿಲ್ಲ. "ಮಷೀನ್ ಬಂದು ನಮ್ಮ ನಡ ಉಳೀತು" ಎಂದು ಅವಳೇ ಹೇಳುತ್ತಾಳೆ. ಓಣಿಯ ಕೂಲಿ ಹೆಣ್ಣುಮಕ್ಕಳಿಗೆ ಕಡ್ಲಿ ಸುಗ್ಗಿಯ ಪಗಾರ ಹೋದದ್ದೂ ಅಷ್ಟೇ ನಿಜ. ಅದಕ್ಕೂ ಮೊದಲು ರಾಶಿ ಮಷೀನು ಬಂದಾಗ ಎತ್ತುಗಳಿಂದ ತೆನೆ ತುಳಿಸುವ ಹಂತಿ ನಿಂತಿತು, ರಾತ್ರಿಯೆಲ್ಲ ಕಣದಲ್ಲಿ ಹಾಡುತ್ತಿದ್ದ ಹಂತಿ ಪದಗಳೂ ನಿಂತವು. ಯಾವ ಯಂತ್ರವೂ ಹಾಡಬೇಡಿ ಎನ್ನಲಿಲ್ಲ. ಹಾಡಿಗೆ ಬೇಕಾದ ಹೊತ್ತು ಉಳಿಯಲಿಲ್ಲ, ಅಷ್ಟೇ.

ಹೀಗಾಗಿ ಯಂತ್ರವನ್ನು ತೂಗಿ ನೋಡುವಾಗ ನಾನು ಕೇಳುವುದು ಒಂದನ್ನೇ: ಯಾರು ಯಾರಿಗಾಗಿ ಬದಲಾಗುತ್ತಿದ್ದಾರೆ? ಗಿಡ ಬದಲಾದರೆ ಕೀಳುವವರ ನಡ ಉಳಿಯುತ್ತದೆ. ಅವ್ವನ ನಾಲಗೆ ಬದಲಾದಾಗ ಅವಳಿಗೇನು ಉಳಿಯಿತು? ಕೀಡಿ, ಹಕ್ಕಲು, ಹೆಂಟೆ, ಗಳೆ, ಇವೆಲ್ಲ ಈ ಮಣ್ಣಿನ ಕೆಲಸದ ಮಾತುಗಳು. ಫೋನಿಗಾಗಿ ಅವನ್ನು ಬಿಟ್ಟುಕೊಡುತ್ತ ಹೋದರೆ ಮೊಮ್ಮಕ್ಕಳು ಅವನ್ನು ಕೇಳುವುದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ರೆಸ್ಪಿನ್' ಯೋಜನೆ ಕೃಷಿ ಮತ್ತು ಹಣಕಾಸಿನ ಮಾತನ್ನು ಒಂಬತ್ತು ನುಡಿಗಳಲ್ಲಿ, ಅವುಗಳ ಉಪಭಾಷೆಗಳ ಸಮೇತ ಸಂಗ್ರಹಿಸಿದೆ. ಕನ್ನಡವೂ ಅದರಲ್ಲಿದೆ. ಇದು ಯಂತ್ರವನ್ನು ಬದುವಿನವರೆಗೆ ನಡೆಸಿಕೊಂಡು ಬರುವ ಕೆಲಸ. ಕಟಾವು ಮಷೀನಿಗೆ ನಾವು ಕೊಟ್ಟಷ್ಟು ದುಡ್ಡು, ವಿದ್ಯೆ, ತಾಳ್ಮೆ ಈ ಕೆಲಸಕ್ಕೂ ಸಿಗಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ.

ಹೊಸ ತಳಿ ಬಂದರೂ ನಮ್ಮ ಮನೆಯಲ್ಲಿ ಈಗಲೂ ಬಿತ್ತುವುದು ಜೆಜಿ-11. ಮೊನ್ನೆ ಮಷೀನು ಹೊಲ ಮುಗಿಸಿ ಹೋದ ಮೇಲೆ ಬುಡದ ಕಾಯಿ ಹಾಗೇ ಉಳಿದಿದ್ದವು. ಮಧ್ಯಾಹ್ನದ ಹೊತ್ತಿಗೆ ಓಣಿಯ ನಾಲ್ಕು ಮಂದಿ ಮುದುಕಿಯರು ಉಡಿ ಕಟ್ಟಿಕೊಂಡು ಹಕ್ಕಲಾಯಲು ಬಂದರು. ಅವ್ವನೂ ಅವರ ಜೊತೆ ಕೂತು, ಫೋನನ್ನು ಬದುವಿನ ಮೇಲೆ ಬಿಟ್ಟು, ಒಂದೊಂದೇ ಕಾಯಿ ಆಯತೊಡಗಿದಳು. "ಯವ್ವಾ, ಕೀಡಿ ಭಾಳ ಬಿದ್ದಿದ್ವಲ್ಲ ಈ ಸಲ" ಎಂದಳು ಒಬ್ಬಳು. "ಹೂಂನಬೇ, ಭಾಳ ಬಿದ್ದಿದ್ವು" ಅಂದಳು ಅವ್ವ.